ಸ್ತ್ರೀ 2: ಈ ದೆವ್ವಕ್ಕೆ ಬಾಗಿಲ ಮೇಲೆ ಏನು ಬರೆಯಬೇಕು?

ಬಾಲ್ಕನಿ ಸೀಟು

ಕಳೆದ ಭಾನುವಾರ ಅಮ್ಮನ ಜೊತೆ ಕೂತು ಹಿಂದಿಯ ದೆವ್ವದ ಸಿನಿಮಾ ‘ಸ್ತ್ರೀ’, ‘ಸ್ತ್ರೀ 2’ ಎರಡನ್ನೂ ಒಂದರ ಹಿಂದೆ ಒಂದು ನೋಡಿದೆ. ಅಮ್ಮನಿಗೆ ಹಿಂದಿ ಅರ್ಧಂಬರ್ಧ. ಆದರೂ ಮೊದಲನೆಯದಕ್ಕೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಎರಡನೆಯದು ಶುರುವಾಗಿ ಒಂದು ಗಂಟೆ ಆಗಿರಬೇಕು. ತಲೆಯಿಲ್ಲದ ಸರ್‌ಕಟಾ ಹುಡುಗಿಯರನ್ನು ಎಳೆದುಕೊಂಡು ಹೋಗುತ್ತಿದ್ದಾನೆ. ಅಮ್ಮ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು: “ಅದು ಸರಿ, ಇದಕ್ಕೆ ಬಾಗಿಲ ಮೇಲೆ ಏನು ಬರೀಬೇಕಂತೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಯೋಚಿಸಿದರೆ ನನ್ನ ಬೇಜಾರೂ ಅದೇ ಅನಿಸಿತು. ಮೊದಲನೇ ಭಾಗದ ದೆವ್ವಕ್ಕೆ ಓದು ಬರುತ್ತಿತ್ತು. ‘ಓ ಸ್ತ್ರೀ, ನಾಳೆ ಬಾ’ ಅಂತ ಗೋಡೆ ಮೇಲೆ ಬರೆದರೆ ಪಾಪ, ಓದಿಕೊಂಡು ವಾಪಸ್ ಹೋಗುತ್ತಿತ್ತು. ಇಡೀ ಸಿನಿಮಾದ ನಗು, ಭಯ ಎರಡೂ ಆ ಒಂದು ಸಾಲಿನಲ್ಲಿ ಇತ್ತು. ಎರಡನೆಯದರಲ್ಲಿ ಬರೀ ಹೊಡೆದಾಟ, ಗ್ರಾಫಿಕ್ಸ್, ಅತಿಥಿ ನಟರು. ಇಷ್ಟು ವರ್ಷ ಕಾದಿದ್ದು ಇದಕ್ಕಾ? ನನಗೊಬ್ಬನಿಗೇ ಹೀಗೆ ಅನಿಸಿದ್ದಾ?

ಕಡ್ಲೆಪುರಿ

ಮೂರನೇ ಭಾಗದ ಚಿತ್ರಕಥೆ ಅಮ್ಮನ ಕೈಗೆ ಕೊಡಿ.

ಗಾಂಧಿಕ್ಲಾಸ್

ನಿಮಗೊಬ್ಬರಿಗೇ ಗುರು. 2024ರ ಆಗಸ್ಟ್ 14ರ ರಾತ್ರಿ ಪ್ರೀಮಿಯರ್ ಶೋಗೆ ಹೋಗಿದ್ದವನು ನಾನು. ಜನ ಕುರ್ಚಿಯಲ್ಲಿ ಕೂತಿರಲೇ ಇಲ್ಲ. ಪಂಕಜ್ ತ್ರಿಪಾಠಿ ಬಾಯಿ ಬಿಡುವ ಮೊದಲೇ ಸೀಟಿ. ನನ್ನ ಪಕ್ಕದ ಅಂಕಲ್ ನಗುತ್ತಾ ನಗುತ್ತಾ ನನ್ನ ಪಾಪ್‌ಕಾರ್ನ್‌ಗೆ ಕೈ ಹಾಕಿ ತಿನ್ನುತ್ತಿದ್ದರು. ಅವರಿಗೂ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ಇಂಡಿಯಾದಲ್ಲೇ 600 ಕೋಟಿ ಹತ್ತಿರ ಹೋದ ಸಿನಿಮಾ ಅದು. ಹಿಂದಿ ಗಳಿಕೆಯಲ್ಲಿ ಆಗ ‘ಜವಾನ್’ ದಾಖಲೆಯನ್ನೇ ದಾಟಿತು. ಅಷ್ಟು ಜನ ಸುಮ್ನೆ ಹೋದರಾ? ದೆವ್ವಕ್ಕೆ ಓದು ಬರೆಹ ಬರಲೇಬೇಕು ಅಂತ ಎಲ್ಲಿ ಕಾನೂನಿದೆ?

ಹಳೇ ರೀಲು

ಕಲೆಕ್ಷನ್ ಲೆಕ್ಕ ವಿತರಕರಿಗೆ ಬಿಡಿ. ಬಾಲ್ಕನಿ ಸೀಟು ಹೇಳುತ್ತಿರುವುದು ಬೇರೆ.

ಮೊದಲನೇ ಭಾಗದಲ್ಲಿ ಪಂಕಜ್ ತ್ರಿಪಾಠಿಯ ರುದ್ರ ಇದನ್ನೇ ಕೂರಿಸಿಕೊಂಡು ವಿವರಿಸುತ್ತಾನೆ. ಈ ದೆವ್ವ ಹೊಸ ಕಾಲದ್ದು, ಓದಿಕೊಂಡಿದೆ, ಗಂಡಸರ ಹಾಗೆ ಮೇಲೆ ಬೀಳುವುದಿಲ್ಲ. ಹೆಸರು ಹಿಡಿದು ಕರೆಯುತ್ತದೆ, ನೀನಾಗಿ ತಿರುಗಿದರೆ ಮಾತ್ರ ಎತ್ತಿಕೊಂಡು ಹೋಗುತ್ತದೆ. ಬೆಳಿಗ್ಗೆ ನೋಡಿದರೆ ಬಟ್ಟೆ ಮಾತ್ರ ಬಿದ್ದಿರುತ್ತದೆ. ಇದು ಜೋಕ್ ಥರ ಕಾಣುತ್ತದೆ, ಆದರೆ ಇಡೀ ಕಥೆ ನಿಂತಿರುವ ಗೂಟ ಅದೇ. ಊರಿನ ಗಂಡಸರು ಸೀರೆ ಉಟ್ಟು ಹೊರಗೆ ಹೋಗುವುದು, ಹೆಂಗಸರು ಗಂಡಂದಿರಿಗೆ ‘ಹುಷಾರು, ಬೇಗ ಬನ್ನಿ’ ಅನ್ನುವುದು, ಎಲ್ಲಾ ಉಲ್ಟಾ. ರಾಜ್-ಡಿಕೆ ನಿರ್ದೇಶನದ ತಾಕತ್ತು ಅದು. ಎರಡನೆಯದರಲ್ಲಿ ಅವರಿರಲಿಲ್ಲ, ಅಷ್ಟೇ.

ಟೈಟಲ್ ಕಾರ್ಡ್

ಸಣ್ಣ ತಿದ್ದುಪಡಿ. ಎರಡನ್ನೂ ನಿರ್ದೇಶಿಸಿದ್ದು ಅಮರ್ ಕೌಶಿಕ್. ರಾಜ್-ಡಿಕೆ ಮೊದಲನೆಯದನ್ನು ಬರೆದವರು, ನಿರ್ಮಾಣದಲ್ಲೂ ಇದ್ದರು. ಎರಡನೆಯದನ್ನು ಬರೆದವರು ನಿರೇನ್ ಭಟ್. ಮೊದಲನೆಯದು ಬಂದಿದ್ದು 2018ರ ಆಗಸ್ಟ್ 31ಕ್ಕೆ, ಎರಡನೆಯದು 2024ರ ಆಗಸ್ಟ್ 15ಕ್ಕೆ. ಸರಿಯಾಗಿ ಆರು ವರ್ಷಕ್ಕೆ ಹದಿನಾರು ದಿನ ಕಮ್ಮಿ.

ಹಳೇ ರೀಲು

ಒಪ್ಪಿದೆ ಮಾರಾಯ್ರೇ, ಬರವಣಿಗೆ ಅಂತ ಓದಿಕೊಳ್ಳಿ. ಆದರೆ ಇದರಿಂದ ನನ್ನ ಮಾತಿಗೆ ಇನ್ನೂ ಬಲ ಬಂತು ಅಲ್ವಾ? ನಿರ್ದೇಶಕ ಅವನೇ, ನಟರು ಅವರೇ, ಊರು ಅದೇ. ಬದಲಾಗಿದ್ದು ಪೆನ್ನು.

ಅಜ್ಜಿಮನೆ ಜಗಲಿ

ಚರ್ಚೆ ಎಲ್ಲೇ ಹೋಗಲಿ, ‘ನಾಳೆ ಬಾ’ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಆ ಸಾಲು ಸಿನಿಮಾ ನಡೆಯುವ ಚಂದೇರಿ ಊರಿನದಲ್ಲ, ನಮ್ಮದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬೆಳೆದವರಿಗೆ ಗೊತ್ತು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ. ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ. ಬಾಗಿಲು ತೆಗೆದರೆ ಮುಗಿಯಿತು. ಅದಕ್ಕೆ ‘ನಾಳೆ ಬಾ’ ಅಂತ ಬರೆಯುವುದು. ಅದು ಓದಿ ಹೋಗುತ್ತದೆ, ಮರುದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ.

ನಾನಾಗ ಐದನೇ ಕ್ಲಾಸ್. ನನ್ನ ಅಕ್ಷರ ದುಂಡಗಿದೆ ಅಂತ ನಮ್ಮ ಬೀದಿಯ ಹೆಂಗಸರೆಲ್ಲ ನನ್ನನ್ನೇ ಕರೆದರು. ಒಂದು ತೆಂಗಿನ ಚಿಪ್ಪಿನಲ್ಲಿ ಸುಣ್ಣ, ಕೋಲಿಗೆ ಬಟ್ಟೆ ಸುತ್ತಿದ ಕುಂಚ. ಹದಿನಾಲ್ಕು ಬಾಗಿಲು ಬರೆದೆ. ಬಾಗಿಲಿಗೊಂದು ಕಡ್ಲೆಮಿಠಾಯಿ. ಒಂಬತ್ತನೇ ಬಾಗಿಲಿನ ಹೊತ್ತಿಗೆ ಕೈ ಸೋತು ದೀರ್ಘ ಹಾಕುವುದನ್ನು ಮರೆತೆ. ‘ನಾಳೆ ಬ’ ಅಂತ ಆಯಿತು. ಆ ಮನೆಯ ತಾತ ರಿಟೈರ್ಡ್ ಮೇಷ್ಟ್ರು. ಹೊರಗೆ ಬಂದು ಕನ್ನಡಕ ಸರಿ ಮಾಡಿಕೊಂಡು ನೋಡಿ, ತಲೆಗೆ ಒಂದು ಮೊಟಕಿ, “ದೆವ್ವಕ್ಕೆ ತಪ್ಪು ಕನ್ನಡ ತೋರಿಸ್ತೀಯಾ?” ಅಂದರು. ಅವರ ಮುಂದೆ ನಿಂತು ಹತ್ತು ಸಲ ನೆಲದ ಮೇಲೆ ಬರೆದು ತೋರಿಸಿದ ಮೇಲೆ ಬಿಟ್ಟರು. ಮಿಠಾಯಿ ಕೊಡಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೆವ್ವ ಬರುತ್ತದೆ ಅಂತಲ್ಲ. ಬೇರೆ ಬಾಗಿಲುಗಳಲ್ಲೂ ದೀರ್ಘ ಬಿಟ್ಟಿದ್ದೇನಾ ಅಂತ.

ಬಾಲ್ಕನಿ ಸೀಟು

ಜಗಲಿಯವರೇ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳ ಊರಿನಲ್ಲಿ ಇದ್ದಿಲಿನಲ್ಲಿ ಬರೆಯುತ್ತಿದ್ದರಂತೆ. ಮಳೆ ಬಂದರೆ ಮತ್ತೆ ಬರೆಯುವ ಕೆಲಸ.

ಉದ್ರಿ ಪುಸ್ತಕ

ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ಇರುತ್ತಲ್ಲ, ಅದೂ ಇದೇ ಟೆಕ್ನಿಕ್. ನಮ್ಮಪ್ಪ ಅಂಗಡಿ ಇಟ್ಟಿದ್ದರು. ದೆವ್ವ ಓದಿ ವಾಪಸ್ ಹೋಗಿರಬಹುದು, ಗಿರಾಕಿಗಳು ಒಬ್ಬರೂ ಹೋಗಲಿಲ್ಲ.

ಸಂಶಯ ಪಿಶಾಚಿ

ನಮ್ಮ ಬೀದಿಯಲ್ಲಿ ಬೆಳಗಿನ ಹಾಲಿನವನು ‘ನಾಳೆ ಬಾ’ ಓದಿ ತಮಾಷೆಗೆ ಹಾಗೇ ಹೋಗಿಬಿಟ್ಟಿದ್ದ. ಅವತ್ತು ಇಡೀ ಬೀದಿಗೆ ಕಾಫಿ ಇಲ್ಲ.

ಇನ್ನೊಂದು ಮಾತು. ದೆವ್ವಕ್ಕೆ ‘ನಾಳೆ’ ಅರ್ಥ ಆಗುತ್ತದೆ, ‘ನಿನ್ನೆಯೂ ಇದನ್ನೇ ಬರೆದಿದ್ದರಲ್ಲ’ ಅನ್ನುವುದು ಮಾತ್ರ ಅರ್ಥ ಆಗುವುದಿಲ್ಲ. ಓದು ಬಂದರೂ ನೆನಪಿಲ್ಲ. ಪರೀಕ್ಷೆ ಬರೆಯುವ ನನ್ನ ಮಗನ ಹಾಗೆ.

ಕನ್ನಡ ಡಿಂಡಿಮ

ಇಷ್ಟೆಲ್ಲ ಮಾತಾಡಿದರೂ ಮುಖ್ಯ ಪ್ರಶ್ನೆ ಯಾರೂ ಕೇಳುತ್ತಿಲ್ಲ. ನಮ್ಮ ಕಥೆ ಎತ್ತಿಕೊಂಡು ಹೋಗಿ ಚಂದೇರಿಗೆ ಅಂಟಿಸಿ ಕೋಟಿ ಕೋಟಿ ಮಾಡಿದರು. ನಾವು ಇಲ್ಲಿ ಕೂತು ‘ಬಟಾಣಿ ಸುಲಿಯುತ್ತಾ ನೋಡಿದೆವು’ ಅಂತ ಖುಷಿ ಪಡುತ್ತಿದ್ದೇವೆ. ಮೂವತ್ತು ವರ್ಷದಿಂದ ಕಥೆ ನಮ್ಮ ಬಾಗಿಲ ಮೇಲೇ ಬರೆದಿತ್ತು. ನಮ್ಮ ಒಬ್ಬ ನಿರ್ದೇಶಕನಿಗೂ ಕಾಣಲಿಲ್ಲವಾ?

ಸಂಶಯ ಪಿಶಾಚಿ

ದೆವ್ವಕ್ಕೆ ಪೇಟೆಂಟ್ ಉಂಟಾ? ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ವಿಧವೆ ದೆವ್ವದ ನಂಬಿಕೆ ಇದೆ. ನಿದ್ದೆಯಲ್ಲಿ ಗಂಡಸರು ಸತ್ತರೆ ಅವಳೇ ಕರೆದುಕೊಂಡು ಹೋದಳು ಅನ್ನುತ್ತಾರೆ. ಅದಕ್ಕೆ ಗಂಡಸರು ಉಗುರಿಗೆ ಬಣ್ಣ ಹಚ್ಚಿಕೊಂಡು ಹೆಂಗಸರ ಹಾಗೆ ಮಲಗುತ್ತಿದ್ದರಂತೆ. ಸಿನಿಮಾದ ಗಂಡಸರು ಸೀರೆ ಉಡುವುದಕ್ಕೂ ಇದಕ್ಕೂ ಎಷ್ಟು ದೂರ? ಇಂಥ ಭಯ ಎಲ್ಲಾ ಕಡೆ ಇದೆ. ನಾವು ಅದಕ್ಕೆ ಒಂದು ಒಳ್ಳೆ ಸಾಲು ಕೊಟ್ಟೆವು, ಅಷ್ಟೇ.

ಕನ್ನಡ ಡಿಂಡಿಮ

ಆ ಒಂದು ಸಾಲೇ ಸಿನಿಮಾ ಅಂತ ಮೇಲೆ ಎಲ್ಲರೂ ಹೇಳುತ್ತಿದ್ದಾರಲ್ಲ ಸ್ವಾಮಿ.

ಗಾಂಧಿಕ್ಲಾಸ್

ಈಗ ಬೆಂಗಳೂರಿನಲ್ಲಿ ‘ನಾಳೆ ಬಾ’ ಅಂತ ಬರೆದರೆ ದೆವ್ವ ಓದುತ್ತದೆ. ಅಪಾರ್ಟ್‌ಮೆಂಟ್ ಮಕ್ಕಳಿಗೆ ಓದಲು ಬರಲ್ಲ.

ಕಡ್ಲೆಪುರಿ

ಡಿಂಡಿಮದವರು ಈಗ ಇದಕ್ಕೂ ಒಂದು ಪುಟ ಬರೆಯುತ್ತಾರೆ ನೋಡಿ.

ನೂಲು

ನಾನು ಬೇರೆ ಮಾತು ಹೇಳಬೇಕು. ಬಾಲ್ಕನಿ ಸೀಟು ಅವರೇ, ನಿಮ್ಮ ಅಮ್ಮನ ಪ್ರಶ್ನೆ ಬಹಳ ಚೆನ್ನಾಗಿದೆ. ಆದರೆ ಅದರಿಂದ ನೀವು ತೆಗೆದ ತೀರ್ಮಾನ ತಪ್ಪು ಅನಿಸುತ್ತದೆ.

ಮೊದಲನೇ ಭಾಗದ ಸ್ತ್ರೀ ಕೇಳುವ ದೆವ್ವ. ಅವಳಿಗೆ ಬೇಕಾಗಿದ್ದು ಪ್ರೀತಿ, ಮರ್ಯಾದೆ. ಅದಕ್ಕೇ ಅವಳಿಗೆ ಮಾತು ನಾಟುತ್ತದೆ. ಕೊನೆಯಲ್ಲಿ ಊರಿನವರು ಗೋಡೆಯ ಬರಹವನ್ನೇ ಬದಲಾಯಿಸುತ್ತಾರೆ, ನೆನಪಿದೆಯಾ? ‘ನಾಳೆ ಬಾ’ ಹೋಗಿ ‘ನಮ್ಮನ್ನು ಕಾಪಾಡು’ ಆಗುತ್ತದೆ. ಅವಳು ಅದನ್ನೂ ಓದಿಕೊಂಡು ಹೋಗುತ್ತಾಳೆ.

ಸರ್‌ಕಟಾ ಯಾರು? ಆ ಹೆಣ್ಣನ್ನೂ ಅವಳ ಪ್ರೀತಿಯನ್ನೂ ಕೊಂದವನು. ತನ್ನ ಇಷ್ಟದಂತೆ ಬದುಕುವ ಹುಡುಗಿಯರನ್ನೇ ಹುಡುಕಿ ಹಿಡಿಯುತ್ತಾನೆ. ಅವನು ಕರೆಯುವುದಿಲ್ಲ, ಕೇಳುವುದಿಲ್ಲ. ಅಂಥವನಿಗೆ ಗೋಡೆ ಮೇಲೆ ಏನು ಬರೆದರೂ ನಡೆಯುವುದಿಲ್ಲ. ತಲೆಯೇ ಬೇರೆ ಕಡೆ ಓಡಾಡುತ್ತಿರುವವನು ಏನು ಓದುತ್ತಾನೆ? ಬರಹ ಇಲ್ಲದಿರುವುದು ಕಥೆಯ ತಪ್ಪಲ್ಲ, ಕಥೆಯೇ ಅದು.

ನನಗೆ ನಿಜವಾಗಿ ಹೆದರಿಕೆ ಆಗಿದ್ದು ಸರ್‌ಕಟಾ ಬಂದಾಗ ಅಲ್ಲ. ಊರಿನ ಗಂಡಸರೆಲ್ಲ ಅವನ ವಶಕ್ಕೆ ಸಿಕ್ಕಿ ತಮ್ಮ ಮನೆ ಹೆಂಗಸರಿಗೆ ಒಳಗಿರು ಅಂತ ಶುರು ಮಾಡಿದಾಗ. ನಾನು ಪಿಯುಸಿ ಓದುವಾಗ ನಮ್ಮ ಊರಿನಲ್ಲಿ ಒಂದು ಸಣ್ಣ ಗಲಾಟೆ ಆಗಿತ್ತು. ಗಲಾಟೆ ಮಾಡಿದವರು ಹುಡುಗರು. ಮರುದಿನದಿಂದ ಆರು ಗಂಟೆಯೊಳಗೆ ಮನೆ ಸೇರಬೇಕಾಗಿದ್ದು ನಾವು. ನಮ್ಮಣ್ಣ ಒಳ್ಳೆಯವನೇ. ಅವನೂ ಅವತ್ತು ಗೇಟ್ ಹತ್ತಿರ ಗಡಿಯಾರ ನೋಡುತ್ತಾ ನಿಂತಿದ್ದ. ಸಿನಿಮಾದಲ್ಲಿ ಬಿಳಿ ಕಣ್ಣಿನ ಗಂಡಸರನ್ನು ನೋಡಿದಾಗ ಅವನ ಮುಖ ನೆನಪಾಯಿತು.

ಹಳೇ ರೀಲು

ಇದು ತೂಕದ ಮಾತು. ಆದರೆ ನೂಲು ಅವರೇ, ಅಷ್ಟು ಹೇಳುವ ಸಿನಿಮಾ ನಾಯಕಿಯನ್ನು ಅರ್ಧ ಹೊತ್ತು ಕಾಣಿಸದ ಹಾಗೆ ಯಾಕೆ ಇಡುತ್ತದೆ? ಶ್ರದ್ಧಾ ಕಪೂರ್ ಬರುತ್ತಾಳೆ, ಜಡೆ ಬೀಸುತ್ತಾಳೆ, ಮಾಯವಾಗುತ್ತಾಳೆ. ಎರಡು ಸಿನಿಮಾ ಆದರೂ ಅವಳ ಹೆಸರು ನಮಗೆ ಗೊತ್ತಿಲ್ಲ. ಮೊದಲು ಅದು ಕುತೂಹಲ, ಈಗ ಚಪಲ. ನಡುವೆ ತಮನ್ನಾ ಹಾಡು ಬೇರೆ. ಹೆಂಗಸರನ್ನು ಕಟ್ಟಿಹಾಕಬೇಡಿ ಅನ್ನುವ ಸಿನಿಮಾದಲ್ಲಿ ಆ ಕ್ಯಾಮೆರಾ ಎಲ್ಲೆಲ್ಲಿ ಓಡಾಡುತ್ತದೆ ನೋಡಿ.

ನೂಲು

ಕ್ಯಾಮೆರಾ ವಿಷಯಕ್ಕೆ ನನ್ನ ಸಹಿ ಇದೆ. ಹೆಸರಿನ ವಿಷಯಕ್ಕೆ ಇಲ್ಲ. ಈ ಕಥೆಯಲ್ಲಿ ಹೆಸರು ಗೊತ್ತಾದರೆ ದೆವ್ವ ಕರೆಯುತ್ತದೆ. ಹೆಸರು ಹೇಳದವಳೇ ಜಾಣೆ.

ಗಾಂಧಿಕ್ಲಾಸ್

ಅಬ್ಬಾ! ಇದು ನನಗೆ ಹೊಳೆದೇ ಇರಲಿಲ್ಲ ಅಕ್ಕ.

ಚೀಟಿ ಬಟ್ಟೆ

ಚಂದೇರಿ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಮಧ್ಯಪ್ರದೇಶದ ಅಶೋಕನಗರ ಜಿಲ್ಲೆಯಲ್ಲಿದೆ. ಅತ್ತಿಗೆ ಮದುವೆ ಸೀರೆ ಅಲ್ಲೇ ತರಬೇಕು ಅಂತ ಹಟ ಹಿಡಿದಿದ್ದಕ್ಕೆ ಮನೆಯವರೆಲ್ಲ ಹೋಗಿದ್ದೆವು. ಚಂದೇರಿ ಸೀರೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಈರುಳ್ಳಿ ಸಿಪ್ಪೆಯಷ್ಟು ತೆಳು. ಕೈ ಒಳಗೆ ಹಾಕಿದರೆ ಬೆರಳು ಎಣಿಸಬಹುದು. ಸಿನಿಮಾದ ನಾಯಕ ವಿಕ್ಕಿ ಲೇಡೀಸ್ ಟೈಲರ್ ಆಗಿರುವುದು, ಟೇಪ್ ಹಿಡಿಯದೆ ಕಣ್ಣಳತೆಯಲ್ಲೇ ರವಿಕೆ ಹೊಲಿಯುವುದು, ಆ ಊರಿಗೆ ಹೇಳಿ ಮಾಡಿಸಿದ ಹಾಗಿದೆ.

ಅಲ್ಲಿ ಕಟಿ ಘಾಟಿ ಅಂತ ಒಂದು ಜಾಗ ಇದೆ. ಗುಡ್ಡದ ಬಂಡೆಯನ್ನೇ ಕೊರೆದು ದಾರಿ ಮಾಡಿ ನಡುವೆ ದೊಡ್ಡ ದ್ವಾರ ಬಿಟ್ಟಿದ್ದಾರೆ. ತಮಾಷೆ ಏನಂದರೆ ಅದಕ್ಕೆ ಬಾಗಿಲು ಕೂರಿಸುವ ವ್ಯವಸ್ಥೆಯೇ ಇಲ್ಲ. ನಮ್ಮ ಮಾವ ಅಲ್ಲೇ ನಿಂತು, “ಇದಕ್ಕೆ ನಾಳೆ ಬಾ ಅಂತ ಎಲ್ಲಿ ಬರೆಯೋದು?” ಅಂದರು. ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಸೀರೆ ರೇಟು ಕೇಳಿದ ಮೇಲೆ ನಗು ನಿಂತಿತು.

ಕಡ್ಲೆಪುರಿ

ನಿಮ್ಮ ಮಾವ, ಬಾಲ್ಕನಿ ಸೀಟು ಅವರ ಅಮ್ಮ, ಇಬ್ಬರೂ ಸೇರಿ ಚಿತ್ರಕಥೆ ಬರೆಯಲಿ.

ಬಾಲ್ಕನಿ ಸೀಟು

ನೂಲು ಅವರ ಮಾತನ್ನು ಎರಡು ದಿನ ತಲೆಯಲ್ಲಿ ಇಟ್ಟುಕೊಂಡಿದ್ದೆ. ಕೇಳದ ದೆವ್ವಕ್ಕೆ ಬರಹ ಇಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಹಾಗಿದ್ದರೆ ಅದನ್ನು ಸಿನಿಮಾ ಒಂದು ಸಲವಾದರೂ ತೋರಿಸಬೇಕಿತ್ತು. ಊರಿನವರು ಹಳೇ ಅಭ್ಯಾಸದಲ್ಲಿ ಗೋಡೆ ತುಂಬ ಏನೋ ಬರೆಯಬೇಕು. ಅವನು ಆ ಗೋಡೆಯನ್ನೇ ಒಡೆದುಕೊಂಡು ಬರಬೇಕು. ಒಂದು ಶಾಟ್ ಸಾಕಿತ್ತು. ಆಗ ಅಮ್ಮ ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಇನ್ನೊಂದು. ವಿಜಯ್ ರಾಜ್ ಮೊದಲ ಭಾಗದಲ್ಲಿ ಇರುವುದು ಸ್ವಲ್ಪ ಹೊತ್ತು ಅಷ್ಟೇ. ಚಂದೇರಿ ಪುರಾಣ ಬರೆದ ಮುದುಕ, ಇನ್ನೂ ಎಮರ್ಜೆನ್ಸಿ ನಡೆಯುತ್ತಿದೆ ಅಂದುಕೊಂಡು ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. 1977ರಲ್ಲೇ ಅದು ಮುಗಿಯಿತು ಅಂತ ಅವನಿಗೆ ಯಾರೂ ಹೇಳಿಲ್ಲ. ಅದು ಹಾಸ್ಯ. ಎರಡನೇ ಭಾಗದಲ್ಲಿ ಅಕ್ಷಯ್ ಕುಮಾರ್ ಬಂದಾಗ ಜನ ಚಪ್ಪಾಳೆ ತಟ್ಟಿದ್ದು ಪಾತ್ರಕ್ಕಲ್ಲ, ಅಕ್ಷಯ್ ಕುಮಾರ್‌ಗೆ.

ಗಾಂಧಿಕ್ಲಾಸ್

ಚಪ್ಪಾಳೆ ಬಂತಲ್ಲ, ಆಯ್ತಲ್ಲ. ಮತ್ತೆ ಗೆಳೆಯ ‘ಜನಾ’ ಪಾತ್ರ? ಅಭಿಷೇಕ್ ಬ್ಯಾನರ್ಜಿ ಎರಡನೇ ಭಾಗದಲ್ಲಿ ಹೆದರಿಕೊಂಡು ಮಾಡುವ ಮುಖ ನೋಡಿಯೂ ನಗು ಬರಲಿಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಸರ್‌ಕಟಾ ಮೈ ಕೂಡ ಪೂರ್ತಿ ಗ್ರಾಫಿಕ್ಸ್ ಅಲ್ಲ. ಜಮ್ಮುವಿನ ಸುನಿಲ್ ಕುಮಾರ್ ಅನ್ನುವ ಕುಸ್ತಿಪಟು, ಏಳೂವರೆ ಅಡಿ ಎತ್ತರ. ತಲೆ ಮಾತ್ರ ಕಂಪ್ಯೂಟರ್‌ದು.

ಮುಂಗಡ ಬುಕಿಂಗ್

ಮುಂದುವರಿದ ಭಾಗ ಹೇಗಿರಬೇಕು ಅಂತ ನೋಡಬೇಕಾ? ‘ಆಪ್ತರಕ್ಷಕ’ ನೋಡಿ. ‘ಆಪ್ತಮಿತ್ರ’ 2004, ‘ಆಪ್ತರಕ್ಷಕ’ 2010. ಅಲ್ಲೂ ಹತ್ತಿರ ಹತ್ತಿರ ಆರು ವರ್ಷ. ನಾಗವಲ್ಲಿಯನ್ನು ಬಿಡದೆ, ಅವಳ ಹಿಂದಿನ ರಾಜನ ಕಥೆಯನ್ನು ಎಳೆದು ತಂದರು. ವಿಷ್ಣು ಸರ್ ಅವರ 200ನೇ ಸಿನಿಮಾ.

ಟೈಟಲ್ ಕಾರ್ಡ್

ಅವರು ಅದನ್ನು ತೆರೆ ಮೇಲೆ ನೋಡಲೇ ಇಲ್ಲ. 2009ರ ಡಿಸೆಂಬರ್ 30ಕ್ಕೆ ಹೋದರು, ಸಿನಿಮಾ ಬಂದಿದ್ದು ಮರುವರ್ಷ ಫೆಬ್ರವರಿಯಲ್ಲಿ. ನಾನು ನೋಡಿದ ಶೋನಲ್ಲಿ ಅವರು ಕಾಣಿಸಿದ ಕೂಡಲೇ ಮೊದಲು ಸೀಟಿ, ಆಮೇಲೆ ಅರ್ಧ ನಿಮಿಷ ಯಾರೂ ಉಸಿರೆತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಅಳುತ್ತಿದ್ದರು.

ಅಜ್ಜಿಮನೆ ಜಗಲಿ

ಆ ಸಾಲಿನಲ್ಲಿ ನಾನೇ ಇದ್ದಿರಬಹುದು.

ಸಂಶಯ ಪಿಶಾಚಿ

ವಿಷಯಕ್ಕೆ ಬನ್ನಿ. ಆಪ್ತಮಿತ್ರ ಮೂಲ ಮಲಯಾಳಂ, 1993ರ ‘ಮಣಿಚಿತ್ರತಾಳ್’. ‘ನಮ್ಮ ಕಥೆ ಕದ್ದರು’ ಅಂತ ಮೇಲೆ ಕೂಗಿದವರು ಇದಕ್ಕೆ ಏನು ಹೇಳುತ್ತಾರೋ.

ಕನ್ನಡ ಡಿಂಡಿಮ

ಅದು ರಿಮೇಕ್. ರಿಮೇಕ್ ಅಂದರೆ ಹಕ್ಕು ಕೊಂಡು ಮಾಡುವುದು, ಕದಿಯುವುದಲ್ಲ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ನಾನು ಮಾತಾಡಲ್ಲ.

ಸಂಶಯ ಪಿಶಾಚಿ

ಸರಿ, ‘ನಾಳೆ ಬಾ’ ಹಕ್ಕು ಕೊಳ್ಳಲು ಅವರು ಯಾರ ಮನೆಗೆ ಹೋಗಬೇಕಿತ್ತು? ಯಾವ ಬಾಗಿಲಿಗೆ?

ಉದ್ರಿ ಪುಸ್ತಕ

ಹೋಗಿದ್ದರೂ ಬಾಗಿಲು ನೋಡಿ ವಾಪಸ್ ಹೋಗುತ್ತಿದ್ದರು.

ಮುಂಗಡ ಬುಕಿಂಗ್

ಹಹಹ! ಈ ಪುಟದ ಬೆಸ್ಟ್ ಕಾಮೆಂಟ್.

ತೆಂಕಣ ಗಾಳಿ

ನಮ್ಮವರು ಮಾಡಲಿಲ್ಲ ಅನ್ನುವ ಡಿಂಡಿಮದವರಿಗೆ: 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ನೋಡಿಲ್ವಾ? ಜೆ.ಪಿ. ತುಮಿನಾಡು ನಿರ್ದೇಶನ. ಒಂದು ಕರಾವಳಿ ಊರು, ಸೋಮೇಶ್ವರದ ಸುಲೋಚನ ಮೈಮೇಲೆ ಬಂದಳು ಅಂತ ಒಂದು ಗಾಳಿಸುದ್ದಿ. ದೊಡ್ಡ ಗ್ರಾಫಿಕ್ಸ್ ಬೇಕಾಗಲಿಲ್ಲ. ನಮ್ಮಲ್ಲಿ ಕಾರ್ಯಕ್ರಮ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳದೆ ಊರಿನ ಸುದ್ದಿ ಮಾತಾಡುತ್ತಾರಲ್ಲ, ಇಡೀ ಸಿನಿಮಾ ಹಾಗಿದೆ. ದೆವ್ವಕ್ಕಿಂತ ಊರಿನವರೇ ಜಾಸ್ತಿ ತಮಾಷೆ.

ಒಂದೇ ಕೋರಿಕೆ. ಅದಕ್ಕೆ ಎರಡನೇ ಭಾಗ ಮಾಡಬೇಡಿ.

ಗಾಂಧಿಕ್ಲಾಸ್

ಮಾಡಿದರೆ ಮೊದಲ ದಿನ ಮೊದಲ ಶೋ ಕ್ಯೂನಲ್ಲಿ ನೀವೇ ಇರುತ್ತೀರಿ.

ತೆಂಕಣ ಗಾಳಿ

ಇರುತ್ತೇನೆ. ಬೈಯ್ಯುವುದಕ್ಕೆ.

ಚೀಟಿ ಬಟ್ಟೆ

ನನ್ನ ತಕರಾರು ಬೇರೆ ಬೇರೆ ದೆವ್ವದ ಸಿನಿಮಾಗಳನ್ನು ಒಂದೇ ಕಥೆಗೆ ಗಂಟು ಹಾಕುವ ಈ ‘ಯೂನಿವರ್ಸ್’ ಬಗ್ಗೆ. 2022ರಲ್ಲಿ ‘ಭೇಡಿಯಾ’, 2024ರ ಜೂನ್‌ನಲ್ಲಿ ‘ಮುಂಜ್ಯಾ’, ಆಮೇಲೆ ‘ಸ್ತ್ರೀ 2’ರಲ್ಲಿ ‘ಭೇಡಿಯಾ’ದ ತೋಳ ಬಂದು ಹೊಡೆದಾಡಿತು. ಮದುವೆ ಮನೆಗೆ ಬಂದ ನೆಂಟರು ತಮ್ಮ ಕಡೆಯ ನೆಂಟರನ್ನೂ ಕರೆತಂದ ಹಾಗೆ. ಊಟಕ್ಕೆ ಕೂತವರಲ್ಲಿ ಯಾರು ಗಂಡಿನ ಕಡೆ, ಯಾರು ಹೆಣ್ಣಿನ ಕಡೆ ಗೊತ್ತಾಗಲ್ಲ. ಚಂದೇರಿಯ ನಾಲ್ಕು ಗಲ್ಲಿಯಲ್ಲಿ ನಡೆದ ಕಥೆ ಅದು. ಅಷ್ಟೇ ಇದ್ದಿದ್ದರೆ ಸಾಕಿತ್ತು.

ಟೈಟಲ್ ಕಾರ್ಡ್

‘ಸ್ತ್ರೀ 3’ಕ್ಕೆ ಘೋಷಿಸಿದ ದಿನಾಂಕ 2027ರ ಆಗಸ್ಟ್ 13. 2028ಕ್ಕೆ ಎಲ್ಲಾ ದೆವ್ವಗಳೂ ಸೇರಿ ಮಹಾಯುದ್ಧ, ಅದೂ ಎರಡು ಕಂತಿನಲ್ಲಿ ಅಂತ ಪಟ್ಟಿ ಬಿಟ್ಟಿದ್ದರು.

ಹಳೇ ರೀಲು

ದೆವ್ವಗಳಿಗೂ ಸಮ್ಮೇಳನ.

ಬಾಲ್ಕನಿ ಸೀಟು

ಕೊನೆಗೊಂದು ವರದಿ. ನೂಲು ಅವರು ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಕೇಳದ ದೆವ್ವಕ್ಕೆ ಬರಹ ನಡೆಯಲ್ಲ, ಅದಕ್ಕೆ ಏನೂ ಬರೆದಿಲ್ಲ ಅಂತ. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹೇಳಿದಳು:

“ಅಂಥವನಿಗೆ ಯಾಕೆ ನಾಳೆ? ಈಗಲೇ ಬಾ ಅಂತ ಬರೀಬೇಕಿತ್ತು. ಬೀದಿ ಹೆಂಗಸರೆಲ್ಲ ಬಾಗಿಲ ಹಿಂದೆ ಒನಕೆ ಹಿಡ್ಕೊಂಡು ನಿಂತ್ಕೋತಿದ್ವಿ.”

ನೂಲು

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನನಗೂ ಒಂದು ಒನಕೆ ಇಟ್ಟಿರಲಿ.

ಕಡ್ಲೆಪುರಿ

ಮೊದಲನೇ ಕಾಮೆಂಟ್‌ನಲ್ಲೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ಲೇಟ್ ಲತೀಫ್

ಈಗಷ್ಟೇ ಒಳಗೆ ಬಂದೆ. ನಾನು ಎರಡನೇ ಭಾಗ ಇನ್ನೂ ನೋಡಿಲ್ಲ. ಇಲ್ಲಿ ಸ್ಪಾಯ್ಲರ್ ಏನೂ ಇಲ್ಲ ತಾನೇ?

ಉದ್ರಿ ಪುಸ್ತಕ

ನಾಳೆ ಬಾ.